ಫಲಿತಾಂಶದ ತಕರಾರು: ಮೈಕಿನಲ್ಲಿ ಹೇಳಿದ್ದು, ಅರ್ಜಿಯಲ್ಲಿ ಬರೆದದ್ದು

ಓದುಗರ ಪ್ರಶ್ನೆ: "ನಾನು ಸಿಂಧನೂರು ತಾಲ್ಲೂಕಿನ ಭತ್ತದ ಬೆಳೆಗಾರ. ಚುನಾವಣೆ ಬಂದಾಗ ಒಂದು ಪಕ್ಷದ ಪರವಾಗಿ ನಮ್ಮೂರಿನ ಮತಗಟ್ಟೆಯಲ್ಲಿ ಏಜೆಂಟನಾಗಿ ಕೂರುತ್ತೇನೆ. ನಮ್ಮ ಅಣ್ಣನವರು ಎದುರು ಪಕ್ಷದವರು. ಅವರ ಪಕ್ಷ ಸೋತ ವರ್ಷ ಅವರ ನಾಯಕರು ಮತಯಂತ್ರದಲ್ಲಿ ಮೋಸವಾಗಿದೆ ಎಂದರು; ನಮ್ಮ ಪಕ್ಷ ಸೋತ ವರ್ಷ ನಮ್ಮ ನಾಯಕರೂ ಅದನ್ನೇ ಹೇಳಿದರು. ‘ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ’ ಎಂದು ಅಣ್ಣ ಈಗ ನನ್ನನ್ನು ಹಂಗಿಸುತ್ತಾರೆ. ಆದರೂ ನನಗೆ ಕೆಲವು ಗುಮಾನಿಗಳಿವೆ. ಸಂಜೆ ಐದಕ್ಕೆ ಹೇಳಿದ ಮತದಾನದ ಪ್ರಮಾಣ ಮಾರನೆಯ ದಿನ ಅಷ್ಟು ಏರುವುದು ಹೇಗೆ? ಅರ್ಧಕ್ಕಿಂತ ಹೆಚ್ಚು ಸುತ್ತುಗಳಲ್ಲಿ ಮುಂದಿದ್ದವರು ಕೊನೆಗೆ ಸೋಲುವುದು ಹೇಗೆ? ಹಳೆಯ ಮತಪತ್ರವೇ ಬಂದರೆ ಈ ರಗಳೆ ತೀರುವುದೇ? ಒಂದು ವಾರ ಕೂಗಾಡಿ ಸುಮ್ಮನಾಗುವ ನಾಯಕರನ್ನು ನಂಬಿಕೊಂಡು ನಮ್ಮಂಥವರು ಏನು ಮಾಡಬೇಕು? ನಮ್ಮೂರಿನ ಹುಡುಗರು, ಮತ ಹಾಕಿದರೂ ಅಷ್ಟೇ ಬಿಟ್ಟರೂ ಅಷ್ಟೇ ಎನ್ನುತ್ತಿದ್ದಾರೆ. ಇನ್ನೇನು ಪಂಚಾಯಿತಿ ಚುನಾವಣೆಯೂ ಬರುತ್ತದೆ."

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ. ಸೋತವರೆಲ್ಲರೂ ಒಂದೇ ಮಾತು ಹೇಳುವಾಗ, ಅವರಲ್ಲಿ ನಿಜವಾಗಿ ಅನ್ಯಾಯವಾದವರು ಯಾರು, ಸೋಲಿನ ಹೊಣೆಯನ್ನು ಯಂತ್ರದ ತಲೆಗೆ ಕಟ್ಟುವವರು ಯಾರು ಎಂಬುದನ್ನು ಮತದಾರ ಹೇಗೆ ತಿಳಿಯಬೇಕು ಎಂಬುದೇ ಆ ಆತಂಕ. ನಾನು ರಾಯಚೂರಿನಲ್ಲಿ ವಕೀಲಿ ಮಾಡುತ್ತೇನೆ. ಚುನಾವಣಾ ತಕರಾರು ಅರ್ಜಿಗಳಲ್ಲಿ ಗೆದ್ದವರ ಪರವಾಗಿಯೂ ಸೋತವರ ಪರವಾಗಿಯೂ ಕೆಲಸ ಮಾಡಿದ್ದೇನೆ. ಹಾಗಾಗಿ ಯಾವ ಪಕ್ಷದವರೂ ನನ್ನನ್ನು ಪೂರ್ತಿ ತಮ್ಮವನೆಂದು ನಂಬುವುದಿಲ್ಲ. ಈ ಕೆಲಸದಲ್ಲಿ ನಾನು ಕಂಡುಕೊಂಡ ಒಂದು ಒರೆಗಲ್ಲನ್ನು ಮೊದಲೇ ಹೇಳುತ್ತೇನೆ. ಯಾವುದೇ ತಕರಾರು ಕಿವಿಗೆ ಬಿದ್ದಾಗ, ಅದನ್ನು ಮೈಕಿನ ಮುಂದೆ ಮಾತ್ರ ಹೇಳಿದ್ದಾರೆಯೇ, ಅಥವಾ ಮತಗಟ್ಟೆಯ ಸಂಖ್ಯೆ, ಯಂತ್ರದ ಸಂಖ್ಯೆ, ಮತಗಳ ಲೆಕ್ಕ ಸಮೇತ ಬರೆದು ಸಹಿ ಹಾಕಿ ಕೊಟ್ಟಿದ್ದಾರೆಯೇ ಎಂದು ಕೇಳಿ. ಮೈಕಿನಲ್ಲಿ ಹೇಳಿದ್ದೆಲ್ಲ ಸುಳ್ಳು, ಬರೆದುಕೊಟ್ಟಿದ್ದೆಲ್ಲ ಸತ್ಯ ಎಂದು ಇದರ ಅರ್ಥವಲ್ಲ. ಆದರೆ ಬರೆದುಕೊಟ್ಟದ್ದನ್ನು ಪರೀಕ್ಷಿಸಬಹುದು, ಮೈಕಿನಲ್ಲಿ ಹೇಳಿದ್ದನ್ನು ಪರೀಕ್ಷಿಸಲು ಬರುವುದಿಲ್ಲ. ಇನ್ನು ನಿಮ್ಮ ಅಣ್ಣನವರ ಗಾದೆಯ ವಿಷಯ: ಹೆಚ್ಚಿನ ಸಲ ಗಾದೆ ಸರಿ, ಆದರೆ ಕೆಲವು ಸಲ ನೆಲವೂ ನಿಜವಾಗಿಯೇ ಡೊಂಕಿರುತ್ತದೆ.

ಈ ರೋಗ ಒಂದು ಪಕ್ಷದ್ದಲ್ಲ ಎಂಬುದನ್ನು ನೀವೇ ಗಮನಿಸಿದ್ದೀರಿ. 2009ರ ಲೋಕಸಭಾ ಚುನಾವಣೆಯಲ್ಲಿ ಸೋತ ಬಳಿಕ ಮತಯಂತ್ರಗಳ ಬಗ್ಗೆ ಅನುಮಾನ ಎತ್ತಿದವರಲ್ಲಿ ಬಿಜೆಪಿಯ ಹಿರಿಯರಾದ ಲಾಲ್ ಕೃಷ್ಣ ಆಡ್ವಾಣಿಯವರೂ ಇದ್ದರು. 2017ರಲ್ಲಿ ಉತ್ತರ ಪ್ರದೇಶದ ಫಲಿತಾಂಶ ಬಂದಾಗ ಮಾಯಾವತಿಯವರೂ, ಪಂಜಾಬಿನ ಫಲಿತಾಂಶ ಬಂದಾಗ ಅರವಿಂದ ಕೇಜ್ರಿವಾಲರೂ ಅದೇ ದೂರು ಹೇಳಿದರು. 2024ರಲ್ಲಿ ಹರಿಯಾಣ ಮತ್ತು ಮಹಾರಾಷ್ಟ್ರದ ಫಲಿತಾಂಶಗಳ ಬಳಿಕ ಕಾಂಗ್ರೆಸ್ ಹೇಳಿತು. ಚುನಾವಣಾ ಆಯೋಗವು 2017ರ ಜೂನ್ 3ರಂದು, ಯಂತ್ರವನ್ನು ತಿದ್ದಲು ಸಾಧ್ಯವೆನ್ನುವವರು ಬಂದು ತೋರಿಸಲಿ ಎಂದು ಪಕ್ಷಗಳನ್ನು ಕರೆದಾಗ ಬಂದ ಪಕ್ಷಗಳು ಎರಡೇ, ಎನ್‌ಸಿಪಿ ಮತ್ತು ಸಿಪಿಎಂ. ಅವೂ ಸವಾಲಿನಲ್ಲಿ ಭಾಗವಹಿಸದೆ ವಿವರ ಕೇಳಿಕೊಂಡು ಹೋದವು. ಯಂತ್ರವನ್ನು ಬಿಚ್ಚಲು ಬಿಡದೆ ಕರೆದದ್ದು ಎಂಥ ಸವಾಲು ಎಂದು ಟೀಕಾಕಾರರು ಕೇಳಿದರು, ಆ ಪ್ರಶ್ನೆಯಲ್ಲೂ ಹುರುಳಿದೆ. ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9 ಬಂದವು. ಆ ಒಂಬತ್ತರಲ್ಲಿ ಐದು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಅದೇ ಯಂತ್ರಗಳು, ಅದೇ ಆಯೋಗ. ಗೆದ್ದ ಕಡೆ ಯಂತ್ರ ಒಳ್ಳೆಯದಾಗಿಯೂ ಸೋತ ಕಡೆ ಕೆಟ್ಟದಾಗಿಯೂ ಇತ್ತು ಎನ್ನುವವರು, ಎಲ್ಲಿ, ಯಾವಾಗ, ಯಾರು ಅದನ್ನು ಕೆಡಿಸಿದರು ಎಂಬುದನ್ನೂ ಹೇಳಬೇಕಾಗುತ್ತದೆ.

ಯಂತ್ರದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಯಂತ್ರಗಳನ್ನು ತಯಾರಿಸುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಗಳು. ಕೇರಳದ ಪರವೂರಿನ ಕೆಲವು ಮತಗಟ್ಟೆಗಳಲ್ಲಿ 1982ರಲ್ಲಿ ಮೊದಲ ಬಾರಿ ಬಳಸಿದಾಗ, ಕಾನೂನಿನಲ್ಲಿ ಅವಕಾಶವಿಲ್ಲದೆ ಯಂತ್ರ ಬಳಸಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳ ಮತದಾನವನ್ನೇ ಅನೂರ್ಜಿತಗೊಳಿಸಿತ್ತು. ಕಾನೂನಿಗೆ ತಿದ್ದುಪಡಿ ಬಂದದ್ದು ಆಮೇಲೆ. ಮತ ಹಾಕಿದ ಮೇಲೆ ಏಳು ಸೆಕೆಂಡು ಗಾಜಿನ ಹಿಂದೆ ಕಾಣಿಸುವ ವಿವಿಪ್ಯಾಟ್ ಚೀಟಿಯೂ ತಾನಾಗಿ ಬಂದದ್ದಲ್ಲ. 2013ರಲ್ಲಿ ಸುಬ್ರಮಣಿಯನ್ ಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಬಂತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕೆಂಬುದು 2019ರ ಆದೇಶ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರ ತೀರ್ಪಿನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಅದುವರೆಗೆ ತಾಳೆ ನೋಡಿದ ಕೋಟಿಗಟ್ಟಲೆ ಚೀಟಿಗಳಲ್ಲಿ ವ್ಯತ್ಯಾಸ ಕಂಡ ಒಂದು ಪ್ರಕರಣವೂ ಆ ವಿಚಾರಣೆಯಲ್ಲಿ ಬಂತು. ಆಂಧ್ರದ ಮೈದುಕೂರು ಕ್ಷೇತ್ರದ ಒಂದು ಮತಗಟ್ಟೆಯಲ್ಲಿ 14 ಮತಗಳ ವ್ಯತ್ಯಾಸವಿತ್ತು. ಮತದಾನಕ್ಕೆ ಮೊದಲು ಯಂತ್ರ ಪರೀಕ್ಷಿಸಲು ನಡೆಸುವ ಬೆಳಗಿನ ಅಣಕು ಮತದಾನದ ಮತಗಳನ್ನು ಅಳಿಸದೆ ಬಿಟ್ಟದ್ದೇ ಅದಕ್ಕೆ ಕಾರಣವಾಗಿತ್ತು.

ನನ್ನ ವೃತ್ತಿಯ ಅನುಭವವೂ ಇದಕ್ಕೆ ಹತ್ತಿರ. ಯಂತ್ರದೊಳಗಿನ ತಂತ್ರಾಂಶವನ್ನು ಯಾರೋ ತಿದ್ದಿದರು ಎಂಬ ಆರೋಪಕ್ಕೆ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯವನ್ನು ನಾನು ಇದುವರೆಗೆ ನೋಡಿಲ್ಲ. ಯಂತ್ರದ ಸುತ್ತ ಇರುವ ಮನುಷ್ಯರ ತಪ್ಪುಗಳನ್ನು ಸಾಕಷ್ಟು ನೋಡಿದ್ದೇನೆ. ಅಣಕು ಮತದಾನ ಅಳಿಸದಿರುವುದು, ಮತದಾನ ಮುಗಿದಾಗ ‘ಕ್ಲೋಸ್’ ಗುಂಡಿ ಒತ್ತಲು ಮರೆಯುವುದು, ನಮೂನೆಯಲ್ಲಿ ಯಂತ್ರದ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಬರೆಯುವುದು, ಒಬ್ಬರ ಮತವನ್ನು ಇನ್ನೊಬ್ಬರ ಹೆಸರಿನ ಮುಂದೆ ಬರೆಯುವುದು ಇವೆಲ್ಲ ಆಗುತ್ತವೆ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಎಂಬ ಹಳ್ಳಿಯಲ್ಲಿ 2022ರ ನವೆಂಬರಿನಲ್ಲಿ ನಡೆದ ಸರಪಂಚ ಚುನಾವಣೆಯಲ್ಲಿ ಒಂದು ಮತಗಟ್ಟೆಯ ಲೆಕ್ಕ ಬರೆಯುವಾಗ ಇಬ್ಬರು ಅಭ್ಯರ್ಥಿಗಳ ಅಂಕಿಗಳು ಅದಲುಬದಲಾದವು. ಕೊನೆಗೆ 2025ರಲ್ಲಿ ಸುಪ್ರೀಂ ಕೋರ್ಟ್ ಯಂತ್ರಗಳನ್ನು ದೆಹಲಿಗೆ ತರಿಸಿ ತನ್ನ ಆವರಣದಲ್ಲೇ ಎಣಿಸಿದಾಗ, ಸೋತನೆಂದು ಘೋಷಿತನಾಗಿದ್ದವನೇ 51 ಮತಗಳಿಂದ ಗೆದ್ದಿದ್ದ. ಆ ಪ್ರಕರಣದಲ್ಲಿ ಯಂತ್ರ ಸರಿಯಾಗಿಯೇ ಇತ್ತು, ಕಾಗದದ ಮೇಲಿನ ಬರವಣಿಗೆ ತಪ್ಪಿತ್ತು. ಆ ಮನುಷ್ಯ ಊರಿನ ಕಟ್ಟೆಯ ಮೇಲೆ ಕುಳಿತು ಯಂತ್ರವೇ ಮೋಸ ಎಂದು ಬೈದುಕೊಂಡಿದ್ದರೆ ಅವನಿಗೆ ನ್ಯಾಯ ಸಿಗುತ್ತಿರಲಿಲ್ಲ.

ಸಂಜೆ ಐದರ ಪ್ರಮಾಣದ ಬಗ್ಗೆ ಕೇಳಿದ್ದೀರಿ. ಆ ಸಂಖ್ಯೆ ಯಾವ ಯಂತ್ರದಿಂದಲೂ ನೇರವಾಗಿ ಬರುವುದಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ಸೆಕ್ಟರ್ ಅಧಿಕಾರಿ ಮೇಲಕ್ಕೆ ಕಳುಹಿಸುತ್ತಾರೆ. ಫೋನು ಸಿಗದ ಮತಗಟ್ಟೆಯ ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ಆರು ಗಂಟೆಗೆ ಬಾಗಿಲು ಮುಚ್ಚುವಾಗ ಸಾಲಿನಲ್ಲಿರುವ ಎಲ್ಲರಿಗೂ ಹಿಂದಿನಿಂದ ಮುಂದಕ್ಕೆ ಚೀಟಿ ಹಂಚಿ, ಅಷ್ಟೂ ಜನ ಮತ ಹಾಕುವವರೆಗೆ ಕಾಯಬೇಕು. 2024ರಲ್ಲಿ ನಮ್ಮ ಕಡೆಯ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಮತದಾನ ನಡೆದದ್ದು ಮೇ 7ರಂದು. ಆ ಬಿಸಿಲಿನಲ್ಲಿ ನಡು ಮಧ್ಯಾಹ್ನ ಮತಗಟ್ಟೆಗಳು ಖಾಲಿ ಬಿದ್ದು, ಹೊತ್ತು ಇಳಿದ ಮೇಲೆ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಸಾಲು ಬೆಳೆದದ್ದನ್ನು ಏಜೆಂಟರಾಗಿ ನೀವೂ ನೋಡಿರುತ್ತೀರಿ. ಮಹಾರಾಷ್ಟ್ರದಲ್ಲಿ 2024ರ ನವೆಂಬರಿನಲ್ಲಿ ಐದು ಗಂಟೆಗೆ ಶೇ 58.22 ಇದ್ದದ್ದು ಕೊನೆಗೆ ಶೇ 66ರಷ್ಟಾದಾಗ ಎದ್ದ ಪ್ರಶ್ನೆಗೂ ಆಯೋಗ ಕೊಟ್ಟದ್ದು ಇಂಥದ್ದೇ ಉತ್ತರ. ಆ ವಿವರಣೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಯಾರ ಮಾತನ್ನೂ ನಂಬದೆಯೇ ಇದನ್ನು ತಾಳೆ ನೋಡಲು ಒಂದು ಕಾಗದವಿದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸುತ್ತುಗಳ ವಿಷಯ ಇನ್ನೂ ಸರಳ. ಸಾಮಾನ್ಯವಾಗಿ ಹದಿನಾಲ್ಕು ಮೇಜುಗಳನ್ನು ಹಾಕಿ ಮತಗಟ್ಟೆಗಳ ಕ್ರಮಸಂಖ್ಯೆಯಂತೆಯೇ ಎಣಿಸುತ್ತಾರೆ, ಹಾಗಾಗಿ ಮೊದಲ ಕೆಲವು ಸುತ್ತುಗಳಲ್ಲಿ ಒಂದು ಹೋಬಳಿಯ ಹಳ್ಳಿಗಳೂ ಕೊನೆಯ ಸುತ್ತುಗಳಲ್ಲಿ ಪಟ್ಟಣದ ವಾರ್ಡುಗಳೂ ಬರಬಹುದು. ಒಬ್ಬರ ಬಲ ಇರುವ ಭಾಗ ಮೊದಲು ಮುಗಿದರೆ ಅವರು ಹನ್ನೆರಡು ಸುತ್ತು ಮುಂದಿದ್ದು ಹದಿನೇಳನೆಯದರಲ್ಲಿ ಸೋಲುತ್ತಾರೆ. ಟಿವಿ ವಾಹಿನಿಗಳ ಮುನ್ನಡೆ ಹಿನ್ನಡೆಗಳ ಆಟದಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ಆ ಕಾಗದ. ಮತದಾನ ಮುಗಿದ ಮೇಲೆ ಅಧ್ಯಕ್ಷಾಧಿಕಾರಿ 17ಸಿ ಎಂಬ ನಮೂನೆಯನ್ನು ತುಂಬುತ್ತಾರೆ. ಅದರಲ್ಲಿ ಆ ಮತಗಟ್ಟೆಯಲ್ಲಿ ಬಳಸಿದ ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್ ಮತ್ತು ವಿವಿಪ್ಯಾಟಿನ ಸಂಖ್ಯೆಗಳು, ಒಟ್ಟು ಮತದಾರರು, ದಾಖಲಾದ ಮತಗಳು, ಹಸಿರು ಕಾಗದದ ಸೀಲಿನ ಸಂಖ್ಯೆ ಎಲ್ಲ ಇರುತ್ತವೆ. ಅಲ್ಲಿ ಕುಳಿತಿರುವ ಪ್ರತಿ ಪಕ್ಷದ ಏಜೆಂಟರಿಗೂ ಅದರ ದೃಢೀಕೃತ ಪ್ರತಿಯನ್ನು ಕೊಡಬೇಕು, ಇದು 1961ರ ಚುನಾವಣಾ ನಡವಳಿಕೆ ನಿಯಮಗಳಲ್ಲಿರುವ ಹಕ್ಕು. ಎಣಿಕೆಯ ದಿನ ಯಂತ್ರ ಮೇಜಿಗೆ ಬಂದಾಗ, ‘ರಿಸಲ್ಟ್’ ಒತ್ತುವ ಮೊದಲೇ, ಎಣಿಕೆ ಏಜೆಂಟ್ ತನ್ನ ಕೈಲಿರುವ 17ಸಿಯ ಸಂಖ್ಯೆಗಳನ್ನು ಯಂತ್ರದ ಮೇಲಿನ ಸಂಖ್ಯೆ ಮತ್ತು ಒಟ್ಟು ಮತದೊಂದಿಗೆ ತಾಳೆ ನೋಡಬಹುದು. ಯಂತ್ರ ಬದಲಾಗಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ, ರಾತ್ರೋರಾತ್ರಿ ಮತ ಸೇರಿಸಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ನಡೆಯುವುದು ಮಾತ್ರ ಬೇರೆ. ಕೆಲವೇ ನೂರು ಮತಗಳಿಂದ ಸೋತ ಅಭ್ಯರ್ಥಿಯೊಬ್ಬರು ಒಮ್ಮೆ ನನ್ನ ಕಚೇರಿಗೆ ಬಂದು, ಮೋಸವಾಗಿದೆ, ಕೇಸು ಹಾಕಿಸಿ ಎಂದರು. 17ಸಿ ಪ್ರತಿಗಳನ್ನು ತನ್ನಿ ಎಂದೆ. ಕ್ಷೇತ್ರದ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ಅವರು ಒಟ್ಟುಗೂಡಿಸಿ ತಂದದ್ದು ಒಂದು ಪ್ಲಾಸ್ಟಿಕ್ ಚೀಲದ ತಳವನ್ನೂ ಮುಚ್ಚಲಿಲ್ಲ. ಕೆಲವು ಬೆವರಿಗೆ ತೊಯ್ದು ಮಡಿಕೆಯಲ್ಲೇ ಹರಿದಿದ್ದವು; ಒಂದರ ಹಿಂದೆ ಗೊಬ್ಬರದ ಅಂಗಡಿಯ ಲೆಕ್ಕ ಬರೆದಿತ್ತು. ಅನೇಕ ಏಜೆಂಟರು ನಾಲ್ಕು ಗಂಟೆಗೇ ಎದ್ದು ಊಟಕ್ಕೆ ಹೋಗಿದ್ದರು. ಪಕ್ಷಗಳು ಮತದಾನದ ದಿನದವರೆಗೆ ಕೋಟಿಗಟ್ಟಲೆ ಸುರಿಯುತ್ತವೆ, ಆದರೆ ಅಂದು ಸಂಜೆ ಆರೂವರೆಗೆ ಒಂದು ಕಾಗದವನ್ನು ಜೋಪಾನವಾಗಿ ಮನೆಗೆ ತರುವ ಮನುಷ್ಯನಿಗೆ ತರಬೇತಿ ಕೊಡುವುದಿಲ್ಲ. ಆಮೇಲೆ ಅದೇ ಪಕ್ಷದವರು ಟಿವಿಯಲ್ಲಿ ಕುಳಿತು ಪ್ರಜಾಪ್ರಭುತ್ವ ಸತ್ತಿತು ಎನ್ನುವಾಗ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ಎಲ್ಲ ತಕರಾರೂ ನೆಪವಲ್ಲ. ಇಂದಿನ ದಿನಗಳಲ್ಲಿ ಹೆಚ್ಚು ಗಂಭೀರವಾದ ಪ್ರಶ್ನೆ ಇರುವುದು ಯಂತ್ರಕ್ಕಿಂತ ಮತದಾರರ ಪಟ್ಟಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಗದ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಮತದಾರರ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ 24 ಮಾತ್ರ ಸರಿಯಾಗಿದ್ದು ಉಳಿದವನ್ನು ತಿರಸ್ಕರಿಸಲಾಯಿತು ಎಂದು ಆಯೋಗವೇ ಹೇಳಿದೆ. ಯಾರದೋ ಹೆಸರಿನಲ್ಲಿ ಇನ್ನಾರೋ ಅರ್ಜಿ ಹಾಕಿದ ಈ ಪ್ರಕರಣದ ತನಿಖೆಯನ್ನು ರಾಜ್ಯ ಸರ್ಕಾರ ವಿಶೇಷ ತಂಡಕ್ಕೆ ಒಪ್ಪಿಸಿತು. ಇಲ್ಲಿ ಗಮನಿಸಬೇಕಾದದ್ದು, ಆ ಕ್ಷೇತ್ರದಲ್ಲಿ ಗೆದ್ದದ್ದು ದೂರು ಹೇಳಿದ ಕಾಂಗ್ರೆಸ್ಸೇ. ಮತದಾನಕ್ಕೆ ಮೊದಲೇ ಸ್ಥಳೀಯರು ಎಚ್ಚೆತ್ತು ಲಿಖಿತ ದೂರು ಕೊಟ್ಟಿದ್ದರಿಂದ ಹೆಸರುಗಳು ಉಳಿದವು. ಬೆಂಗಳೂರು ಸೆಂಟ್ರಲ್ ಲೋಕಸಭಾ ಕ್ಷೇತ್ರದ ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಕ್ರಮ ಮತಗಳಿದ್ದವೆಂದು ರಾಹುಲ್ ಗಾಂಧಿಯವರು ಹೇಳಿದ್ದು 2025ರ ಆಗಸ್ಟ್ 7ರಂದು, ಎಂದರೆ ಫಲಿತಾಂಶ ಬಂದು ಒಂದು ವರ್ಷ ಎರಡು ತಿಂಗಳ ಮೇಲೆ. ಪ್ರಮಾಣ ಮಾಡಿ ಬರೆದುಕೊಡಿ ಎಂದು ಆಯೋಗ ಕೇಳಿತು. ತಾವು ಸಾರ್ವಜನಿಕವಾಗಿ ಹೇಳಿದ್ದೇ ಪ್ರಮಾಣ ಎಂಬುದು ಅವರ ಉತ್ತರವಾಗಿತ್ತು. ಇಬ್ಬರ ನಿಲುವಿನಲ್ಲೂ ನನಗೆ ಕೊರತೆ ಕಾಣುತ್ತದೆ. ಒಂದೇ ಮನೆಯ ವಿಳಾಸದಲ್ಲಿ ಹತ್ತಾರು ಹೆಸರುಗಳಿವೆ ಎಂದು ಯಾರೇ ತೋರಿಸಿದರೂ ಹೋಗಿ ನೋಡುವುದು ಆಯೋಗದ ಕೆಲಸ, ಅದಕ್ಕೆ ಪ್ರಮಾಣಪತ್ರದ ಹಂಗು ಬೇಕಿಲ್ಲ. ಆದರೆ ಪಟ್ಟಿಯಲ್ಲಿ ಎರಡು ಕಡೆ ಹೆಸರಿರುವುದಕ್ಕೂ ಎರಡು ಕಡೆ ಮತ ಹಾಕಿದ್ದಕ್ಕೂ ಬಹಳ ಅಂತರವಿದೆ. ಮೊದಲನೆಯದು ತೋರಿಸಿ ಎರಡನೆಯದು ಸಾಬೀತಾಯಿತು ಎನ್ನಲು ಬರುವುದಿಲ್ಲ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು ತಿಳಿದಿರಲಿ. ಫಲಿತಾಂಶದ ವಿರುದ್ಧದ ಅರ್ಜಿಯಲ್ಲಿ ಮತದಾರರ ಪಟ್ಟಿಯೇ ತಪ್ಪು ಎಂದು ವಾದಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಸತ್ತವರ ಹೆಸರಿನಲ್ಲಿ ಮತ ಬಿದ್ದಿದೆ, ಒಬ್ಬನೇ ಎರಡು ಸಲ ಹಾಕಿದ್ದಾನೆ ಎಂದು ಹೆಸರು ಸಮೇತ ತೋರಿಸಿದರೆ ಮಾತ್ರ ಆ ಮತಗಳನ್ನು ತೆಗೆದುಹಾಕುವ ಪ್ರಶ್ನೆ ಬರುತ್ತದೆ. ಹಾಗಾಗಿ ಪಟ್ಟಿಯ ಜಗಳವನ್ನು ಕರಡು ಪಟ್ಟಿ ಬಂದಾಗಲೇ ಆಡಬೇಕು. ಊರು ಬಿಟ್ಟು ದುಡಿಯಲು ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ನಮ್ಮಲ್ಲಿ ಹೆಚ್ಚು. ಅವರ ಹೆಸರು ಇಲ್ಲೂ ಉಳಿದು ಅಲ್ಲೂ ಸೇರುವುದು ಅಥವಾ ಎರಡೂ ಕಡೆ ಇಲ್ಲದಂತಾಗುವುದು ಇಲ್ಲಿನ ನಿಜವಾದ ಸಮಸ್ಯೆ, ಅದು ಸಂಚಿಲ್ಲದೆಯೂ ಆಗುತ್ತದೆ.

ಮತಪತ್ರ ಬಂದರೆ ರಗಳೆ ತೀರುವುದೇ ಎಂದಿರಿ. 2024ರ ಜನವರಿ 30ರಂದು ಚಂಡೀಗಢದ ಮೇಯರ್ ಚುನಾವಣೆ ಮತಪತ್ರದಲ್ಲೇ ನಡೆಯಿತು. ಎಣಿಕೆಗೆ ಕುಳಿತ ಅಧಿಕಾರಿಯೇ ಎಂಟು ಮತಪತ್ರಗಳ ಮೇಲೆ ಗೀಚಿ ಅವುಗಳನ್ನು ಅಸಿಂಧುಗೊಳಿಸಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಫೆಬ್ರುವರಿ 20ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನು ತಿರುಗಿಸಿತು. ಮತಪೆಟ್ಟಿಗೆ ಹೊತ್ತೊಯ್ಯುತ್ತಿದ್ದ, ಬಾವಿಗೆ ಎಸೆಯುತ್ತಿದ್ದ, ಮುದ್ರೆ ಒತ್ತಿ ಒತ್ತಿ ಪೆಟ್ಟಿಗೆ ತುಂಬುತ್ತಿದ್ದ ಕಾಲವನ್ನು ನಿಮ್ಮ ಊರಿನ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಮತಪತ್ರದ ಪರವಾಗಿರುವ ಗಟ್ಟಿ ವಾದ ಎಂದರೆ ಅದು ಮೋಸಕ್ಕೆ ಅತೀತ ಎಂಬುದಲ್ಲ, ಮೋಸ ನಡೆದರೆ ಓದು ಬಾರದವನ ಕಣ್ಣಿಗೂ ಕಾಣುತ್ತದೆ ಎಂಬುದು. ಆ ವಾದಕ್ಕೆ ನನ್ನ ಗೌರವವಿದೆ. ಆದರೆ ಅದಕ್ಕೆ ವಿವಿಪ್ಯಾಟ್ ಚೀಟಿಗಳನ್ನು ಇನ್ನೂ ಹೆಚ್ಚು ಎಣಿಸುವುದೇ ಹತ್ತಿರದ ಪರಿಹಾರವೆಂದು ನನಗನಿಸುತ್ತದೆ.

ಹಾಗಾದರೆ ನಾಯಕರು ಸಾಕ್ಷ್ಯವಿಲ್ಲದೆ ಏಕೆ ಕೂಗುತ್ತಾರೆ? ಸೋಲನ್ನು ಒಪ್ಪಿಕೊಂಡರೆ ಟಿಕೆಟ್ ಹಂಚಿದ್ದು ಯಾರು, ಹಣ ಎಲ್ಲಿ ಹೋಯಿತು, ಯಾವ ಗುಂಪು ಒಳಗೊಳಗೇ ಕೈಕೊಟ್ಟಿತು ಎಂಬ ಪ್ರಶ್ನೆಗಳು ಪಕ್ಷದ ಒಳಗೇ ಏಳುತ್ತವೆ. ಯಂತ್ರವನ್ನು ದೂರಿದರೆ ಒಳಗಿನ ಯಾರನ್ನೂ ದೂರುವ ಅಗತ್ಯವಿಲ್ಲ, ಕಾರ್ಯಕರ್ತರ ಸ್ಥೈರ್ಯವೂ ಉಳಿಯುತ್ತದೆ. ಇನ್ನೊಂದು ಕಾರಣ ನಮ್ಮ ಚುನಾವಣಾ ಪದ್ಧತಿಯಲ್ಲೇ ಇದೆ. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಂದರೂ ಬಿಜೆಪಿಗೆ 104 ಸ್ಥಾನ, ಕಾಂಗ್ರೆಸ್ಸಿಗೆ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಸ್ಥಾನಗಳು ಕಡಿಮೆ ಬಂದವು. ಇದರಲ್ಲಿ ಮೋಸವಿಲ್ಲ, ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯ ಫಲವಿದು. ಆದರೆ ಹೆಚ್ಚು ಮತ ಪಡೆದೂ ಸೋತವನಿಗೆ ಅದು ಮೋಸದಂತೆಯೇ ಕಾಣುತ್ತದೆ. ಅಂತರ ಕಿರಿದಾದಾಗ ಇದು ಇನ್ನೂ ಹೆಚ್ಚು. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಜಯನಗರದಲ್ಲಿ ಅಂತರ 16. ನಮ್ಮ ರಾಯಚೂರು ಲೋಕಸಭಾ ಕ್ಷೇತ್ರದಲ್ಲೇ 2014ರಲ್ಲಿ ಬಿ.ವಿ. ನಾಯಕ ಅವರ ಗೆಲುವಿನ ಅಂತರ 1,499.

ಇನ್ನು, ತಪ್ಪು ನಡೆದಿದೆ ಎಂದು ನಿಜವಾಗಿ ಅನಿಸಿದರೆ ಇರುವ ದಾರಿಗಳು. ಮತ ಹಾಕಿದಾಗ ಚೀಟಿಯಲ್ಲಿ ಬೇರೆ ಚಿಹ್ನೆ ಕಂಡರೆ ಮತದಾರ ಅಲ್ಲೇ ಲಿಖಿತ ಘೋಷಣೆ ಕೊಟ್ಟು ಪರೀಕ್ಷಾ ಮತ ಕೇಳಬಹುದು. ದೂರು ಸುಳ್ಳಾದರೆ ಶಿಕ್ಷೆಯಿರುವುದರಿಂದ ಗಾಬರಿಯಲ್ಲಿ ಹೇಳುವ ಮಾತಲ್ಲ ಅದು. ಎಣಿಕೆಯ ದಿನ ಮರು ಎಣಿಕೆ ಬೇಕಿದ್ದರೆ, ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ ಮತ್ತು ಫಲಿತಾಂಶ ಘೋಷಿಸುವ ಮೊದಲು, ಕಾರಣ ಬರೆದು ಚುನಾವಣಾಧಿಕಾರಿಗೆ ಅರ್ಜಿ ಕೊಡಬೇಕು. ಈ ನಡುವಿನ ಅವಧಿ ಹಲವು ಸಲ ಕೆಲವೇ ನಿಮಿಷಗಳದ್ದು. ಹೊರಗೆ ಪಟಾಕಿಯ ಸದ್ದು ಕೇಳಿ ಎಣಿಕೆ ಏಜೆಂಟರು ಒಬ್ಬೊಬ್ಬರಾಗಿ ಎದ್ದು ಹೋಗುವುದು ಸರಿಯಾಗಿ ಆ ಹೊತ್ತಿಗೇ. ಘೋಷಣೆಯಾದ ಮೇಲೆ ಚುನಾವಣಾಧಿಕಾರಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಎಷ್ಟು ಧರಣಿ ಕೂತರೂ ಫಲಿತಾಂಶ ಬದಲಾಗದು.

ವಿವಿಪ್ಯಾಟ್ ಬಗ್ಗೆ ಮೇಲೆ ಹೇಳಿದ 2024ರ ಏಪ್ರಿಲ್ ತೀರ್ಪಿನ ಬಳಿಕ ಇನ್ನೊಂದು ಬಾಗಿಲು ತೆರೆದಿದೆ. ಎರಡನೇ ಮತ್ತು ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶ ಬಂದ ಏಳು ದಿನಗಳೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳನ್ನು ತಯಾರಕರ ಇಂಜಿನಿಯರುಗಳು ಪರೀಕ್ಷಿಸಬೇಕು. ಯಾವ ಮತಗಟ್ಟೆಯ ಯಂತ್ರ ಎಂಬುದನ್ನು ಅಭ್ಯರ್ಥಿಯೇ ಆರಿಸಬಹುದು. ಖರ್ಚು ಅವರದೇ, ತಿದ್ದಿದ್ದು ಸಾಬೀತಾದರೆ ಹಣ ವಾಪಸ್. ಒಬ್ಬ ನಾಯಕ ಯಂತ್ರದ ಮೇಲೆ ಆಪಾದನೆ ಮಾಡಿದಾಗ, ಈ ಏಳು ದಿನಗಳಲ್ಲಿ ಅವರ ಅಭ್ಯರ್ಥಿ ಅರ್ಜಿ ಕೊಟ್ಟರೇ ಎಂದು ಕೇಳುವುದು ನಿಮ್ಮಂಥವರ ಹಕ್ಕು.

ಕೊನೆಯದು ಹೈಕೋರ್ಟಿನಲ್ಲಿ ತಕರಾರು ಅರ್ಜಿ. ಸಂವಿಧಾನದ 329ನೇ ವಿಧಿಯ ಪ್ರಕಾರ ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಯನ್ನು ಪ್ರಶ್ನಿಸಲು ಬೇರೆ ದಾರಿಯಿಲ್ಲ. ಅರ್ಜಿ ಹಾಕಲು ಅಭ್ಯರ್ಥಿಯೇ ಆಗಬೇಕಿಲ್ಲ. ಆ ಕ್ಷೇತ್ರದ ಯಾವ ಮತದಾರನಾದರೂ ಹಾಕಬಹುದು. ರಾಯಚೂರು ಜಿಲ್ಲೆ ಬರುವುದು ಕಲಬುರಗಿ ಪೀಠದ ವ್ಯಾಪ್ತಿಗೆ, ಕೊಪ್ಪಳ ಮತ್ತು ಬಳ್ಳಾರಿ ಧಾರವಾಡ ಪೀಠಕ್ಕೆ. ಠೇವಣಿ ಎರಡು ಸಾವಿರ ರೂಪಾಯಿ ಎಂದು ಕೇಳಿ ಸುಲಭ ಎಂದುಕೊಳ್ಳಬೇಡಿ, ನಿಜವಾದ ಖರ್ಚು ವಕೀಲರದು ಮತ್ತು ವರ್ಷಗಳದು. ಅವಧಿ 45 ದಿನ, ನಲವತ್ತಾರನೆಯ ದಿನ ಹೋದರೆ ಎಂಥ ಕಾರಣ ಕೊಟ್ಟರೂ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಅರ್ಜಿದಾರನೇ ಖುದ್ದಾಗಿ ಬಂದು ಸಲ್ಲಿಸಬೇಕು. ವಕೀಲರ ಕೈಲಿ ಕಳುಹಿಸಿದ್ದಕ್ಕೇ ಬಿದ್ದುಹೋದ ಅರ್ಜಿ ನಮ್ಮ ರಾಜ್ಯದಲ್ಲೇ ಇದೆ. ಎಲ್ಲಿ, ಯಾವಾಗ, ಎಷ್ಟು ಮತ ಎಂಬುದನ್ನು ಬರೆಯದೆ ಬರೀ ಅಕ್ರಮ ನಡೆದಿದೆ ಎಂದರೆ ವಿಚಾರಣೆಗೂ ಮೊದಲೇ ವಜಾ ಆಗುತ್ತದೆ. ಅಕ್ರಮ ಸಾಬೀತಾದರೂ ಸಾಲದು, ಅದರಿಂದ ಫಲಿತಾಂಶವೇ ಬದಲಾಗುತ್ತಿತ್ತು ಎಂದು ತೋರಿಸಬೇಕಾದ ಪ್ರಕರಣಗಳೇ ಹೆಚ್ಚು. ಮತ್ತೊಂದು ಅಪಾಯವನ್ನು ಯಾರೂ ಮೊದಲೇ ಹೇಳುವುದಿಲ್ಲ: ತಾನೇ ಗೆದ್ದವನೆಂದು ಘೋಷಿಸಿ ಎಂದು ಕೇಳಿಕೊಂಡರೆ, ಎದುರಾಳಿಯೂ ನಿಮ್ಮ ಕಡೆಯ ಅಕ್ರಮಗಳನ್ನು ಅಲ್ಲೇ ಬಿಚ್ಚಿಡಬಹುದು.

ಮಸ್ಕಿಯ ಕಥೆ ನಿಮಗೆ ಗೊತ್ತಿರುವುದೇ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು 213 ಮತಗಳಿಂದ ಸೋಲಿಸಿದರು, ತುರ್ವಿಹಾಳರು ಹೈಕೋರ್ಟಿಗೆ ಹೋದರು. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದರು. ಅದೇ ವರ್ಷ ಡಿಸೆಂಬರಿನಲ್ಲಿ ರಾಜ್ಯದ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ ತಕರಾರು ಅರ್ಜಿ ಬಾಕಿಯಿದ್ದ ಕಾರಣ ಮಸ್ಕಿಗೆ ನಡೆಯಲಿಲ್ಲ. ಮಸ್ಕಿಯಲ್ಲಿ ಮತದಾನವಾದದ್ದು 2021ರ ಏಪ್ರಿಲ್ 17ರಂದು. ಅಷ್ಟರಲ್ಲಿ ತುರ್ವಿಹಾಳರು ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು, ಮೂವತ್ತು ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುವ ಅರ್ಜಿಯ ನೆರಳಿನಲ್ಲಿ ಒಂದು ಕ್ಷೇತ್ರ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಶಾಸಕರಿಲ್ಲದೆ ಉಳಿಯಿತು. ಕೋಲಾರದ ಮಾಲೂರಿನಲ್ಲಿ 2023ರ ಮೇ ತಿಂಗಳ 248 ಮತಗಳ ಗೆಲುವನ್ನು ಹೈಕೋರ್ಟ್ ರದ್ದುಪಡಿಸಿ ಮರು ಎಣಿಕೆಗೆ ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. ಎಣಿಕೆಯ ವಿಡಿಯೊವನ್ನು ಅಧಿಕಾರಿಗಳು ಹಾಜರುಪಡಿಸದಿದ್ದದ್ದು ಅಲ್ಲಿ ದೊಡ್ಡ ವಿಷಯವಾಯಿತು. ರದ್ದತಿಯ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಪಕ್ಷಗಳನ್ನು ಇಷ್ಟು ಬೈದ ಮೇಲೆ ಆಯೋಗದ ಬಗ್ಗೆಯೂ ಹೇಳಬೇಕು. 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ಸಿಸಿಟಿವಿಯಂಥ ದಾಖಲೆಗಳನ್ನು ಸಾರ್ವಜನಿಕರು ನೋಡದಂತೆ ಮಾಡಿದ್ದು, ಮರುವರ್ಷ, ತಕರಾರು ಅರ್ಜಿ ಬಾರದಿದ್ದರೆ 45 ದಿನಗಳ ಬಳಿಕ ದೃಶ್ಯಾವಳಿ ನಾಶಮಾಡಬಹುದೆಂದದ್ದು, ಇವು ಅನುಮಾನವನ್ನು ಕಡಿಮೆ ಮಾಡುವ ಹೆಜ್ಜೆಗಳಲ್ಲ. ಮತದಾರರ ಖಾಸಗಿತನದ ಕಾರಣವನ್ನು ಆಯೋಗ ಕೊಟ್ಟಿದೆ, ಅದು ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಆದರೆ ಆಸ್ಟ್ರಿಯಾ ದೇಶದಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಂಚೆ ಮತಗಳನ್ನು ನಿಯಮ ಮೀರಿ ಬೇಗ ತೆರೆದರು ಎಂಬ ಕಾರಣಕ್ಕೆ, ಮತ ತಿದ್ದಿದ ಸಾಕ್ಷ್ಯ ಇಲ್ಲದಿದ್ದರೂ, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಮರು ಮತದಾನಕ್ಕೆ ಆದೇಶಿಸಿತು. ಮೊದಲು ಗೆದ್ದವರೇ ಮತ್ತೆ ಗೆದ್ದರು, ಸೋತವರು ಒಪ್ಪಿಕೊಂಡರು. ಸಂಶಯವನ್ನು ಮುಚ್ಚಿಡದೆ ಬಯಲಿಗಿಟ್ಟರೆ ಸೋತವರೂ ನಂಬುತ್ತಾರೆ. ನಿಮ್ಮೂರಿನ ಹುಡುಗರ ಬೇಸರಕ್ಕೆ ನನ್ನ ಬಳಿ ಇರುವ ಉತ್ತರ ಇಷ್ಟೇ: ಒಂದು ಮತದಿಂದ, ಹದಿನಾರು ಮತದಿಂದ ತೀರ್ಮಾನವಾದ ಕ್ಷೇತ್ರಗಳ ಹೆಸರನ್ನು ಮೇಲೆ ಕೊಟ್ಟಿದ್ದೇನೆ, ಅವರಿಗೆ ತೋರಿಸಿ.

ನಿಮ್ಮ ಮತಗಟ್ಟೆಯ ಲೆಕ್ಕವನ್ನು ಇವತ್ತೇ ನೋಡಬೇಕೆಂದಿದ್ದರೆ, ನಮೂನೆ 20 ಎಂಬ ಮತಗಟ್ಟೆವಾರು ಫಲಿತಾಂಶ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮಲ್ಲಿ 17ಸಿ ಪ್ರತಿ ಉಳಿದಿದ್ದರೆ ಒಟ್ಟು ಮತ ಸರಿಹೊಂದುತ್ತದೆಯೇ ನೋಡಿ. ಅಣ್ಣನವರ ಪಕ್ಷದ ಏಜೆಂಟರ ಬಳಿ ಇರುವ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಇನ್ನು ಪಂಚಾಯಿತಿ ಚುನಾವಣೆ ಭಾರತ ಚುನಾವಣಾ ಆಯೋಗದ್ದಲ್ಲ, ರಾಜ್ಯ ಚುನಾವಣಾ ಆಯೋಗದ್ದು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ನಮ್ಮ ಜಿಲ್ಲೆಯಲ್ಲಿ ಮತಪತ್ರದಲ್ಲೇ ನಡೆದಿತ್ತು, ಆದ್ದರಿಂದ ಅಲ್ಲಿ ಜಗಳ ಹೆಚ್ಚಾಗಿ ತಿರಸ್ಕೃತ ಮತಗಳ ಮೇಲೆ ಬರುತ್ತದೆ. ಯಾವ ಮತಪತ್ರವನ್ನು ಯಾವ ಕಾರಣಕ್ಕೆ ತಿರಸ್ಕರಿಸಿದರು ಎಂಬುದನ್ನು ಮೇಜಿನ ಎದುರು ಕುಳಿತಾಗಲೇ ಬರೆದಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯ ಫಲಿತಾಂಶವನ್ನು ಪ್ರಶ್ನಿಸಲು ಹೈಕೋರ್ಟಿಗೆ ಹೋಗಬೇಕಿಲ್ಲ, ಸ್ಥಳೀಯ ಸಿವಿಲ್ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಆದರೆ ಅಲ್ಲಿ ಅವಧಿ 45 ದಿನವಲ್ಲ, 30 ದಿನ.